ಝೀರೋ ನೋಡ್ಕೊಳ್ಳಿ ಸಾರ್!

ಪೆಟ್ರೋಲ್ ಬಂಕಿನಲ್ಲಿ ಹುಡುಗ ಪೈಪು ಕೈಗೆತ್ತಿಕೊಳ್ಳುವ ಮೊದಲು ಹೇಳುವ ಮಾತು ನಮಗೆಲ್ಲ ಬಾಯಿಪಾಠ: ‘ಝೀರೋ ನೋಡ್ಕೊಳ್ಳಿ ಸಾರ್’. ಸಂತೆಯಲ್ಲಿ ತರಕಾರಿ ಕೊಳ್ಳುವ ಅಜ್ಜಿಗೂ ಖಾಲಿ ತಕ್ಕಡಿಯ ಮೇಲೆ ಒಮ್ಮೆ ಕಣ್ಣು ಹಾಯಿಸುವ ಅಭ್ಯಾಸವಿದೆ. ಅಳತೆ ಶುರುವಾಗುವ ಮೊದಲು ಅದು ಎಲ್ಲಿಂದ ಶುರುವಾಗುತ್ತಿದೆ ಎಂದು ನೋಡಬೇಕು ಎನ್ನುವುದು ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತಿರುವ ವಿವೇಕ. ಹದಿನಾರು ವರ್ಷ ಓದಿದ ನಾವು ಮಾತ್ರ ಕಂಪ್ಯೂಟರ್ ಪರದೆಯ ಮೇಲೆ ಒಂದು ಅಂಕಿ ಕಂಡ ಕೂಡಲೇ ಆ ವಿವೇಕವನ್ನು ಮರೆತುಬಿಡುತ್ತೇವೆ. ದಶಮಾಂಶದ ನಂತರ ಎರಡು ಸ್ಥಾನ ಇದ್ದರಂತೂ ಅದು ಸತ್ಯವೇ ಸರಿ ಎಂದು ನಂಬುತ್ತೇವೆ.

ಇವತ್ತು ‘ಡೇಟಾ’ ಎನ್ನುವ ಪದ ಕೇಳದ ಕಾಲೇಜಿಲ್ಲ. ಮೂರು ತಿಂಗಳ ಡೇಟಾ ಅನಾಲಿಸಿಸ್ ಕೋರ್ಸಿನ ಜಾಹೀರಾತು ಬಸ್‌ಸ್ಟ್ಯಾಂಡಿನ ಗೋಡೆಯ ಮೇಲೂ ಇದೆ. ಆ ಕೋರ್ಸುಗಳಲ್ಲಿ ಗ್ರಾಫ್ ಬಿಡಿಸುವುದನ್ನು ಕಲಿಸುತ್ತಾರೆ. ಗ್ರಾಫ್‌ನೊಳಗಿನ ಅಂಕಿ ಯಾವ ಉಪಕರಣದಿಂದ ಬಂತು, ಅದರ ಸೊನ್ನೆ ಎಲ್ಲಿದೆ, ಅದು ಎಷ್ಟು ತಡವಾಗಿ ಹೇಳುತ್ತದೆ, ಏನನ್ನು ಹೇಳುವುದೇ ಇಲ್ಲ ಎಂಬುದನ್ನು ಕೇಳಲು ಕಲಿಸುವವರು ಕಡಿಮೆ. ನನ್ನ ವಾದ ಇಷ್ಟೇ: ಅಂಕಿಗಳ ಜೊತೆ ಕೆಲಸ ಮಾಡಬೇಕೆಂದಿರುವ ಪ್ರತಿಯೊಬ್ಬರೂ ಮೊದಲು ಒಂದು ಉಪಕರಣದ ದಾಖಲೆಯನ್ನು ಸಾಲು ಸಾಲಾಗಿ ಓದಲು ಕಲಿಯಬೇಕು. ಅದಕ್ಕೆ ನನಗೆ ಸಿಕ್ಕ ಅತ್ಯುತ್ತಮ ಪಠ್ಯಪುಸ್ತಕ ಗ್ಲೈಡರ್ ವಿಮಾನಗಳ ಹಾರಾಟದ ಲಾಗ್.

ನಾನು ಪೈಲಟ್ ಅಲ್ಲ, ಗ್ಲೈಡರ್ ಹತ್ತಿದವನೂ ಅಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಕೆಲಸ ಹುಡುಕುತ್ತಿರುವ ಸಾವಿರಾರು ಜನರಲ್ಲಿ ಒಬ್ಬ. ಕೊನೆಯ ವರ್ಷದ ಪ್ರಾಜೆಕ್ಟ್‌ಗೆ ಖರ್ಚಿಲ್ಲದೆ ಸಿಗುವ ದತ್ತಾಂಶ ಬೇಕಿತ್ತು. ಯುರೋಪಿನ ಗ್ಲೈಡರ್ ಪೈಲಟ್‌ಗಳು ತಮ್ಮ ಹಾರಾಟದ ಲಾಗ್‌ಗಳನ್ನು ಯಾರು ಬೇಕಾದರೂ ನೋಡುವಂತೆ ಹಂಚಿಕೊಳ್ಳುತ್ತಾರೆ ಎಂದು ಗೊತ್ತಾದಾಗ ಅದನ್ನೇ ಹಿಡಿದುಕೊಂಡೆ. ಪ್ರಾಜೆಕ್ಟ್ ಮುಗಿದರೂ ಆ ಫೈಲುಗಳನ್ನು ತೆರೆದು ನೋಡುವ ಚಟ ಮಾತ್ರ ಬಿಟ್ಟಿಲ್ಲ.

ಗ್ಲೈಡರ್ ಅಂದರೆ ಎಂಜಿನ್ ಇಲ್ಲದ ವಿಮಾನ. ಇನ್ನೊಂದು ವಿಮಾನ ಅಥವಾ ನೆಲದ ಮೇಲಿನ ವಿಂಚ್ ಅದನ್ನು ಎಳೆದು ಮೇಲಕ್ಕೆ ಬಿಡುತ್ತದೆ. ಅಲ್ಲಿಂದ ಮುಂದೆ ಪೈಲಟ್‌ಗೆ ಇರುವ ಆಸರೆ ಗಾಳಿಯೊಂದೇ. ನಮ್ಮ ಬಯಲುಸೀಮೆಯಲ್ಲಿ ಮಧ್ಯಾಹ್ನದ ಹೊತ್ತು ಹದ್ದುಗಳು ರೆಕ್ಕೆ ಬಡಿಯದೆ ಸುತ್ತು ಹಾಕುತ್ತ ಏರುವುದನ್ನು ನೋಡಿದ್ದೀರಲ್ಲ, ಗ್ಲೈಡರ್ ಮಾಡುವುದೂ ಅದನ್ನೇ. ಕಾದ ನೆಲದಿಂದ ಏಳುವ ಬಿಸಿಗಾಳಿಯ ಕಂಬವನ್ನು ಹುಡುಕಬೇಕು, ಅದರೊಳಗೆ ಸುತ್ತುತ್ತ ಏರಬೇಕು, ಗಳಿಸಿದ ಎತ್ತರವನ್ನು ಖರ್ಚು ಮಾಡುತ್ತ ಮುಂದಿನ ಕಂಬದವರೆಗೆ ಜಾರಬೇಕು. ಎತ್ತರವೇ ಇಲ್ಲಿ ಕೈಯಲ್ಲಿರುವ ದುಡ್ಡು. ಹಾಗಾಗಿ ಅದರ ಲೆಕ್ಕ ತಪ್ಪಿದರೆ ಯಾರದೋ ಹೊಲದಲ್ಲಿ ಇಳಿಯಬೇಕು, ಕೆಲವೊಮ್ಮೆ ಅದಕ್ಕಿಂತ ಕೆಟ್ಟದ್ದೂ ಆಗುತ್ತದೆ.

ಒಂದು ಸಾಲು, ಎರಡು ಎತ್ತರ

ಈ ಲಾಗ್‌ಗಳ ರೂಪವನ್ನು ನಿಗದಿ ಮಾಡಿದ್ದು ವಿಶ್ವ ವಾಯುಕ್ರೀಡಾ ಒಕ್ಕೂಟದ ಗ್ಲೈಡಿಂಗ್ ಆಯೋಗ. ಚುಟುಕಾಗಿ ಐಜಿಸಿ ಫೈಲ್ ಎನ್ನುತ್ತಾರೆ. ನೋಟ್‌ಪ್ಯಾಡ್‌ನಲ್ಲಿ ತೆರೆಯಬಹುದಾದ ಸಾದಾ ಪಠ್ಯ. ಹಾರಾಟದ ಪ್ರತಿ ಒಂದೋ ನಾಲ್ಕೋ ಸೆಕೆಂಡಿಗೆ ಒಂದು ಸಾಲು. ಮಾದರಿಗಾಗಿ ನಾನೇ ರಚಿಸಿದ, ಓದಲು ಸುಲಭವಾಗಲೆಂದು ಬಿಡಿಸಿ ಬರೆದ ಸಾಲು ಇಲ್ಲಿದೆ:

ಬಿ 112430 4732150ಎನ್ 01109300ಇ ಎ 01850 01962

ಮೊದಲ ಅಕ್ಷರ ಇದು ಸ್ಥಾನದ ದಾಖಲೆ ಎಂದು ಹೇಳುತ್ತದೆ. ನಂತರದ್ದು ಸಮಯ, 11 ಗಂಟೆ 24 ನಿಮಿಷ 30 ಸೆಕೆಂಡ್. ಇದು ಅಂತರರಾಷ್ಟ್ರೀಯ ಸಮಯ. ಬೇಸಿಗೆಯ ಜರ್ಮನಿಯಲ್ಲಿ ಆಗ ಮಧ್ಯಾಹ್ನ 1 ಗಂಟೆ 24 ನಿಮಿಷ, ನಮ್ಮಲ್ಲಿ ಸಂಜೆ 4 ಗಂಟೆ 54 ನಿಮಿಷ. ಗಡಿಯಾರಕ್ಕೂ ಒಂದು ಸೊನ್ನೆ ಇದೆ ಎಂಬುದು ಮೊದಲ ಪಾಠ. ಆಮೇಲೆ ಅಕ್ಷಾಂಶ, 47 ಡಿಗ್ರಿ 32.150 ಮಿನಿಟ್ ಉತ್ತರ. ರೇಖಾಂಶ, 11 ಡಿಗ್ರಿ 9.300 ಮಿನಿಟ್ ಪೂರ್ವ. 47.32150 ಡಿಗ್ರಿ ಎಂದು ಓದಿಕೊಂಡರೆ ವಿಮಾನ ಇಪ್ಪತ್ತಕ್ಕೂ ಹೆಚ್ಚು ಕಿಲೊಮೀಟರ್ ದಕ್ಷಿಣಕ್ಕೆ ಸರಿದುಬಿಡುತ್ತದೆ. ‘ಎ’ ಎಂದರೆ ಉಪಗ್ರಹಗಳಿಂದ ಎತ್ತರವೂ ಸೇರಿ ಪೂರ್ಣ ಸ್ಥಾನ ಸಿಕ್ಕಿದೆ ಎಂದು. ಕೊನೆಗೆ ಎರಡು ಎತ್ತರಗಳು, 1850 ಮೀಟರ್ ಮತ್ತು 1962 ಮೀಟರ್.

ಒಂದೇ ವಿಮಾನ, ಒಂದೇ ಕ್ಷಣ. 112 ಮೀಟರ್ ವ್ಯತ್ಯಾಸ. ಯಾವುದು ನಿಜ?

ಎರಡೂ ನಿಜ. ಅವು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಅಷ್ಟೇ. ಮೊದಲನೆಯದು ಎತ್ತರವನ್ನು ಅಳೆದೇ ಇಲ್ಲ. ಗಾಳಿಯ ಒತ್ತಡವನ್ನು ಅಳೆದು, ‘ಸಮುದ್ರಮಟ್ಟದಲ್ಲಿ 1013.25 ಹೆಕ್ಟೊಪ್ಯಾಸ್ಕಲ್ ಒತ್ತಡ, 15 ಡಿಗ್ರಿ ಉಷ್ಣಾಂಶ ಇರುವ ಮಾದರಿ ವಾತಾವರಣದಲ್ಲಿ ಇಷ್ಟು ಒತ್ತಡ ಎಷ್ಟು ಎತ್ತರದಲ್ಲಿ ಸಿಗುತ್ತದೆ’ ಎಂದು ಲೆಕ್ಕ ಹಾಕಿ ಹೇಳಿದೆ. ನಿಜವಾದ ಆಕಾಶ ಪುಸ್ತಕದ ಮಾದರಿಯಂತೆ ಇರುವುದು ಅಪರೂಪ. ಆ ದಿನ ಸಮುದ್ರಮಟ್ಟದ ಒತ್ತಡ 1018 ಇದ್ದಿದ್ದರೆ ಅಷ್ಟರಿಂದಲೇ ಸುಮಾರು 40 ಮೀಟರ್ ಕಡಿಮೆ ತೋರಿಸುತ್ತದೆ. ಗಾಳಿ ಮಾದರಿಗಿಂತ ಮೂರು ಡಿಗ್ರಿ ಬೆಚ್ಚಗಿದ್ದರೆ ಇನ್ನೊಂದು 20 ಮೀಟರ್.

ಎರಡನೆಯದು ಜಿಪಿಎಸ್ ಕೊಟ್ಟ ಎತ್ತರ. ಅದು ಸಮುದ್ರಮಟ್ಟದಿಂದ ಎಂದುಕೊಳ್ಳುವುದು ಸಹಜ. ಆದರೆ ಐಜಿಸಿ ಲಾಗ್‌ನಲ್ಲಿ ಈ ಎತ್ತರದ ಸೊನ್ನೆ ಇರುವುದು ಭೂಮಿಯನ್ನು ನಯವಾದ, ತುಸು ಚಪ್ಪಟೆಯಾದ ಗೋಳ ಎಂದು ಭಾವಿಸಿ ಎಳೆದ ಗಣಿತದ ಮೇಲ್ಮೈಯಲ್ಲಿ. ನಿಜವಾದ ಸಮುದ್ರಮಟ್ಟ ಅಷ್ಟು ನಯವಾಗಿಲ್ಲ. ಭೂಮಿಯ ಒಳಗಿನ ದ್ರವ್ಯ ಎಲ್ಲೆಡೆ ಒಂದೇ ಸಮನಾಗಿ ಹಂಚಿಹೋಗಿಲ್ಲದ ಕಾರಣ ಗುರುತ್ವ ಒಂದೊಂದು ಕಡೆ ಒಂದೊಂದು ರೀತಿ. ಅದಕ್ಕೆ ತಕ್ಕಂತೆ ಸಮುದ್ರದ ಮೇಲ್ಮೈ ಕೆಲವೆಡೆ ಉಬ್ಬಿದೆ, ಕೆಲವೆಡೆ ತಗ್ಗಿದೆ. ಆಲ್ಪ್ಸ್ ಸುತ್ತಮುತ್ತ ಅದು ಗಣಿತದ ಮೇಲ್ಮೈಗಿಂತ 50 ಮೀಟರಿನಷ್ಟು ಮೇಲಿದೆ. ಹಾಗಾಗಿ ಅಲ್ಲಿ ಜಿಪಿಎಸ್ ಎತ್ತರ ಅಷ್ಟು ಹೆಚ್ಚು. ಒತ್ತಡದ 40, ಬಿಸಿಯ 20, ಮೇಲ್ಮೈಯ 50 ಕೂಡಿಸಿ ನೋಡಿ. 112ರ ಒಗಟು ಬಹುಪಾಲು ಬಿಡಿಸಿಕೊಂಡಿತು.

ಈ ಲೆಕ್ಕವನ್ನು ನಮ್ಮ ಊರಿಗೆ ತಂದರೆ ಇನ್ನೂ ಸ್ವಾರಸ್ಯ. ಭೂಮಿಯ ಮೇಲೆ ಈ ಮೇಲ್ಮೈ ಅತ್ಯಂತ ತಗ್ಗಿರುವ ಜಾಗ ಶ್ರೀಲಂಕಾದ ದಕ್ಷಿಣಕ್ಕೆ, ಹಿಂದೂ ಮಹಾಸಾಗರದಲ್ಲಿದೆ. ಅಲ್ಲಿ ಅದು ನೂರು ಮೀಟರಿಗೂ ಹೆಚ್ಚು ಕೆಳಗಿದೆ. ಆ ತಗ್ಗಿನ ಅಂಚು ದಕ್ಷಿಣ ಭಾರತದವರೆಗೂ ಚಾಚಿಕೊಂಡಿದೆ. ಅದಕ್ಕೇ ಬೆಂಗಳೂರಿನಲ್ಲಿ ಗಣಿತದ ಮೇಲ್ಮೈಯಿಂದ ಅಳೆದ ಜಿಪಿಎಸ್ ಎತ್ತರ ಸಮುದ್ರಮಟ್ಟದ ಎತ್ತರಕ್ಕಿಂತ 80 ಮೀಟರಿಗೂ ಹೆಚ್ಚು ಕಡಿಮೆ ಬರುತ್ತದೆ. ಜರ್ಮನಿಯಲ್ಲಿ ಕಳೆಯಬೇಕಾದದ್ದನ್ನು ಇಲ್ಲಿ ಕೂಡಬೇಕು. ಈ ತಗ್ಗು ಏಕಾಯಿತು ಎಂಬುದಕ್ಕೆ ಭೂಗರ್ಭದಲ್ಲಿ ಮೇಲೇಳುವ ಬಿಸಿ ದ್ರವ್ಯದ ವಿವರಣೆಯೊಂದನ್ನು 2023ರಲ್ಲಿ ಮುಂದಿಟ್ಟವರು ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯ ದೇಬಾಂಜನ್ ಪಾಲ್ ಮತ್ತು ಅತ್ರೇಯಿ ಘೋಷ್. ಒಂದು ಸಾಲಿನ ಕೊನೆಯ ಎರಡು ಅಂಕಿಗಳನ್ನು ಬಿಡಿಸಲು ಹೋದರೆ ಭೂಮಿಯ ಹೊಟ್ಟೆಯವರೆಗೂ ಹೋಗಬೇಕಾಗುತ್ತದೆ. ಡೇಟಾ ಓದುವುದು ಎಂದರೆ ಇದು.

ಒತ್ತಡದ ಆಟವನ್ನು ಮನೆಯಲ್ಲೇ ನೋಡಬಹುದು. ಈಗಿನ ಹಲವು ಮೊಬೈಲ್‌ಗಳಲ್ಲಿ ಒತ್ತಡಮಾಪಕ ಇರುತ್ತದೆ. ನಮ್ಮ ಉಷ್ಣವಲಯದಲ್ಲಿ ಗಾಳಿಯ ಒತ್ತಡ ಬೆಳಿಗ್ಗೆ 10ರ ಸುಮಾರಿಗೆ ಏರಿ, ಸಂಜೆ 4ರ ಹೊತ್ತಿಗೆ ಮೂರು ನಾಲ್ಕು ಹೆಕ್ಟೊಪ್ಯಾಸ್ಕಲ್ ಇಳಿಯುತ್ತದೆ. ಒಂದು ಹೆಕ್ಟೊಪ್ಯಾಸ್ಕಲ್ ಎಂದರೆ ಬೆಂಗಳೂರಿನ ಎತ್ತರದಲ್ಲಿ ಸುಮಾರು 9 ಮೀಟರ್. ಅಂದರೆ ಮೇಜಿನ ಮೇಲೆ ಸುಮ್ಮನೆ ಬಿದ್ದಿರುವ ಮೊಬೈಲ್, ಅದರ ಒತ್ತಡವನ್ನಷ್ಟೇ ನಂಬಿದರೆ, ಸಂಜೆಯೊಳಗೆ ಹತ್ತು ಮಹಡಿ ಹತ್ತಿರುತ್ತದೆ!

ಏರಿದ್ದು ಗಾಳಿಯೋ, ಕೈಯೋ?

ಗ್ಲೈಡರ್ ಪೈಲಟ್‌ನ ಜೀವನಾಡಿ ವೇರಿಯೊಮೀಟರ್. ಏರುತ್ತಿದ್ದೇನೆಯೇ, ಇಳಿಯುತ್ತಿದ್ದೇನೆಯೇ, ಸೆಕೆಂಡಿಗೆ ಎಷ್ಟು ಮೀಟರ್ ಎಂದು ಹೇಳುವ ಉಪಕರಣ. ಏರುವ ಗಾಳಿ ಕಣ್ಣಿಗೆ ಕಾಣುವುದಿಲ್ಲ, ಈ ಮುಳ್ಳು ಅದನ್ನು ಕಾಣಿಸುತ್ತದೆ. ಆದರೆ ಸಾದಾ ವೇರಿಯೊಮೀಟರ್‌ನಲ್ಲಿ ಒಂದು ತೊಡಕಿದೆ.

ಗ್ಲೈಡರ್ ಗಂಟೆಗೆ 180 ಕಿಲೊಮೀಟರ್ ವೇಗದಲ್ಲಿ ಹೋಗುತ್ತಿದೆ ಎಂದುಕೊಳ್ಳಿ. ಪೈಲಟ್ ಕಡ್ಡಿಯನ್ನು ಹಿಂದಕ್ಕೆಳೆದು ಮೂತಿ ಮೇಲೆತ್ತಿ ವೇಗವನ್ನು 90ಕ್ಕೆ ಇಳಿಸಿದರೆ, ಚಲನಶಕ್ತಿ ಎತ್ತರವಾಗಿ ಬದಲಾಗುತ್ತದೆ. ಪಿಯುಸಿಯಲ್ಲಿ ಓದಿದ ಸೂತ್ರವೇ ಸಾಕು: ವೇಗದ ವರ್ಗವನ್ನು ಗುರುತ್ವ ವೇಗೋತ್ಕರ್ಷದ ಎರಡರಷ್ಟರಿಂದ ಭಾಗಿಸಿ. ಸೆಕೆಂಡಿಗೆ 50 ಮೀಟರ್ ವೇಗಕ್ಕೆ 127 ಮೀಟರ್, 25 ಮೀಟರ್ ವೇಗಕ್ಕೆ 32 ಮೀಟರ್. ಎಳೆತದಲ್ಲಿ ಕಳೆದುಹೋಗುವುದನ್ನು ಬಿಟ್ಟರೆ 95 ಮೀಟರಿನಷ್ಟು ಎತ್ತರ ಸಿಕ್ಕಿತು, ಗಾಳಿ ಒಂದಿಷ್ಟೂ ಏರಿಲ್ಲದಿದ್ದರೂ! ಮುಳ್ಳು ಮೇಲಕ್ಕೆ ಹಾರುತ್ತದೆ, ಹೊಸಬ ‘ಬಿಸಿಗಾಳಿ ಸಿಕ್ಕಿತು’ ಎಂದು ಸುತ್ತಲು ಶುರು ಮಾಡುತ್ತಾನೆ, ಎರಡು ಸುತ್ತಿನಲ್ಲಿ ಗಳಿಸಿದ್ದೆಲ್ಲ ಕರಗುತ್ತದೆ. ಇದಕ್ಕೆ ಪೈಲಟ್‌ಗಳು ‘ಸ್ಟಿಕ್ ಥರ್ಮಲ್’ ಎಂದು ಹೆಸರಿಟ್ಟಿದ್ದಾರೆ. ಕಡ್ಡಿಯಿಂದ ಹುಟ್ಟಿದ ಬಿಸಿಗಾಳಿ.

ಇದಕ್ಕೆ ಪರಿಹಾರವಾಗಿ ಎತ್ತರ ಮತ್ತು ವೇಗ ಎರಡರ ಒಟ್ಟು ಶಕ್ತಿಯನ್ನು ಅಳೆಯುವ ವೇರಿಯೊಮೀಟರ್ ಬಂತು. ವಿಮಾನದ ಬಾಲದ ಹತ್ತಿರ ಚಾಚಿರುವ ಒಂದು ಸಣ್ಣ ಕೊಳವೆ ವೇಗದ ಪಾಲನ್ನು ಕಳೆದು, ಗಾಳಿ ಕೊಟ್ಟದ್ದನ್ನಷ್ಟೇ ಮುಳ್ಳಿಗೆ ತಲುಪಿಸುತ್ತದೆ. ಆದರೆ ಲಾಗ್‌ನಲ್ಲಿ ಸಾಮಾನ್ಯವಾಗಿ ಇರುವುದು ಬರೀ ಎತ್ತರ. ಒಂದು ಸಾಲಿನಿಂದ ಇನ್ನೊಂದನ್ನು ಕಳೆದು ಏರಿಕೆಯ ದರ ಕಂಡುಹಿಡಿದರೆ ಆ ಸುಳ್ಳು ಬಿಸಿಗಾಳಿಯೂ ಅದರೊಳಗೆ ಸೇರಿಕೊಂಡಿರುತ್ತದೆ.

ಮೇಲಾಗಿ ಎತ್ತರ ದಾಖಲಾಗುವುದು ಪೂರ್ಣ ಮೀಟರ್‌ಗಳಲ್ಲಿ. ಸೆಕೆಂಡಿಗೆ 0.7 ಮೀಟರ್ ಏರುತ್ತಿರುವ ಗ್ಲೈಡರ್ ಸೆಕೆಂಡಿಗೊಂದು ಸಾಲಿನ ಲಾಗ್‌ನಲ್ಲಿ 1, 1, 0, 1, 1, 0 ಎಂದು ಕುಂಟುತ್ತ ಏರುತ್ತದೆ. ಆ 1 ಮತ್ತು 0 ಗಾಳಿಯ ಗುಣವಲ್ಲ, ದಾಖಲೆಯ ಗುಣ. ಇಡೀ ಒಂದು ಸುತ್ತಿನ, ಅಂದರೆ 20ರಿಂದ 30 ಸೆಕೆಂಡಿನ ಸರಾಸರಿ ತೆಗೆದಾಗಲೇ ಗಾಳಿ ಮಾತಾಡುತ್ತದೆ. ಹಾಗೆಂದು ಐದು ನಿಮಿಷದ ಸರಾಸರಿ ತೆಗೆದರೆ ಒಳ್ಳೆಯ ಸುತ್ತು, ಕೆಟ್ಟ ಸುತ್ತು ಎರಡೂ ಕಲಸಿಹೋಗುತ್ತವೆ. ಎಷ್ಟು ಸಮಯದ ಸರಾಸರಿ ಎಂಬುದನ್ನು ಸಾಫ್ಟ್‌ವೇರ್ ನಿರ್ಧರಿಸಬಾರದು, ನಿಮ್ಮ ಪ್ರಶ್ನೆ ನಿರ್ಧರಿಸಬೇಕು.

ತಡವೂ ಇದೆ. ಹಳೆಯ ಯಾಂತ್ರಿಕ ವೇರಿಯೊಮೀಟರ್ ಕೆಲವು ಸೆಕೆಂಡ್ ತಡವಾಗಿ ಹೇಳುತ್ತದೆ. 20 ಸೆಕೆಂಡಿಗೆ ಒಂದು ಸುತ್ತು ಹಾಕುವ ಗ್ಲೈಡರ್ ಮೂರು ಸೆಕೆಂಡಿನಲ್ಲಿ 54 ಡಿಗ್ರಿ ತಿರುಗಿರುತ್ತದೆ. ಮುಳ್ಳು ‘ಇಲ್ಲಿ ಚೆನ್ನಾಗಿದೆ’ ಎನ್ನುವಾಗ ಆ ‘ಇಲ್ಲಿ’ ಆಗಲೇ ಹಿಂದೆ ಉಳಿದಿದೆ. ಅನುಭವಿ ಪೈಲಟ್ ಮುಳ್ಳು ನೋಡುವುದರ ಜೊತೆಗೆ ಅದು ಎಷ್ಟು ಹಿಂದಿನ ಸುದ್ದಿ ಎಂದೂ ಲೆಕ್ಕ ಹಾಕುತ್ತಾನೆ.

ದಾಖಲಾಗದೇ ಇರುವುದು

ಲಾಗ್ ನನಗೆ ಕಲಿಸಿದ ದೊಡ್ಡ ಪಾಠ, ಇಲ್ಲದ ಅಂಕಣವನ್ನೂ ಓದಬೇಕು ಎನ್ನುವುದು. ಮೂಲ ಐಜಿಸಿ ಸಾಲಿನಲ್ಲಿ ಗಾಳಿಯ ವೇಗ ಇಲ್ಲ. ಗಾಳಿಗೆ ಹೋಲಿಸಿದ ವಿಮಾನದ ವೇಗವೂ ಇಲ್ಲ. ಸ್ಥಾನಗಳಿಂದ ನಮಗೆ ಸಿಗುವುದು ನೆಲಕ್ಕೆ ಹೋಲಿಸಿದ ವೇಗ ಮಾತ್ರ.

ಗಂಟೆಗೆ 90 ಕಿಲೊಮೀಟರ್ ವೇಗದಲ್ಲಿ ಜಾರುತ್ತ ಸೆಕೆಂಡಿಗೆ 0.7 ಮೀಟರ್ ಇಳಿಯುವ ಗ್ಲೈಡರ್ ನಿಶ್ಚಲ ಗಾಳಿಯಲ್ಲಿ ಒಂದು ಮೀಟರ್ ಇಳಿಯುವಷ್ಟರಲ್ಲಿ ಸುಮಾರು 36 ಮೀಟರ್ ಮುಂದೆ ಸಾಗುತ್ತದೆ. ಹಿಂದಿನಿಂದ 20 ಕಿಲೊಮೀಟರ್ ವೇಗದ ಗಾಳಿ ಬೀಸಿದರೆ ಅದೇ ವಿಮಾನ ಲಾಗ್‌ನಲ್ಲಿ 44 ಮೀಟರ್ ಸಾಗುತ್ತದೆ, ಎದುರುಗಾಳಿಯಾದರೆ 28. ಗಾಳಿಯನ್ನು ಮರೆತು ಈ ಮೂರು ಲಾಗ್‌ಗಳನ್ನು ಹೋಲಿಸುವವನು ಒಂದೇ ವಿಮಾನಕ್ಕೆ ಒಳ್ಳೆಯದು, ಸಾಧಾರಣ, ಕಳಪೆ ಎಂಬ ಮೂರು ಸರ್ಟಿಫಿಕೇಟ್ ಕೊಡುತ್ತಾನೆ. ಅದನ್ನು ಓದುವಾಗ ನಮ್ಮ ಪರೀಕ್ಷೆಯ ಅಂಕಗಳೂ ನೆನಪಾಗದಿರಲಿಲ್ಲ. ಮನೆಯಲ್ಲಿ ಪ್ರತ್ಯೇಕ ಕೋಣೆ, ಟ್ಯೂಷನ್ ಎಲ್ಲ ಇದ್ದವನ 80ಕ್ಕೂ, ಬೆಳಿಗ್ಗೆ ಹಾಲು ಹಾಕಿ ಎರಡು ಬಸ್ ಬದಲಿಸಿ ಕಾಲೇಜಿಗೆ ಬರುವವಳ 70ಕ್ಕೂ ನಡುವೆ ಬೀಸುವ ಗಾಳಿ ಯಾವ ಅಂಕಪಟ್ಟಿಯಲ್ಲೂ ದಾಖಲಾಗುವುದಿಲ್ಲ.

ಆದರೆ ಲಾಗ್‌ನಲ್ಲಿ ಗಾಳಿಯನ್ನು ಕಂಡುಹಿಡಿಯುವ ದಾರಿಯೂ ಇದೆ. ಗ್ಲೈಡರ್ ಒಂದೇ ವೇಗದಲ್ಲಿ ಸುತ್ತು ಹಾಕುವಾಗ ನೆಲದ ಮೇಲಿನ ವೇಗ ಒಂದು ಕಡೆ 115, ಎದುರು ಕಡೆ 65 ಎಂದು ಏರಿಳಿದರೆ, ವ್ಯತ್ಯಾಸದ ಅರ್ಧ, ಅಂದರೆ 25 ಕಿಲೊಮೀಟರ್ ಗಾಳಿಯ ವೇಗ. ಯಾವ ದಿಕ್ಕಿಗೆ ಹೋಗುವಾಗ ಅತಿ ಹೆಚ್ಚು ಸಿಕ್ಕಿತೋ ಆ ದಿಕ್ಕಿಗೆ ಗಾಳಿ ಬೀಸುತ್ತಿದೆ. ಯಾರೂ ಅಳೆಯದ ಸಂಗತಿಯೊಂದು ಹೀಗೆ ತಾನಾಗಿ ಎದ್ದುಬರುವುದನ್ನು ಕಂಡಾಗ ಆಗುವ ಖುಷಿಯನ್ನು ಯಾವ ರೀಲ್ಸೂ ಕೊಡಲಾರದು.

ಇನ್ನೊಂದು ಮಾತು ನಂಬಿಕೆಯದ್ದು. ಸ್ಪರ್ಧೆ ಮತ್ತು ಪದಕಗಳಿಗೆ ಬಳಸುವ ಲಾಗ್‌ನ ಕೊನೆಯಲ್ಲಿ ಒಂದು ಡಿಜಿಟಲ್ ಸಹಿ ಇರುತ್ತದೆ. ದಾಖಲೆಯ ಒಂದೇ ಒಂದು ಅಂಕಿಯನ್ನು ತಿದ್ದಿದರೂ ಸಹಿ ತಾಳೆಯಾಗುವುದಿಲ್ಲ. ಆದರೆ ಆ ಸಹಿ ಹೇಳುವುದು ‘ಯಾರೂ ತಿದ್ದಿಲ್ಲ’ ಎಂದಷ್ಟೇ, ‘ಅಳತೆ ಸರಿಯಿದೆ’ ಎಂದಲ್ಲ. ಅದಕ್ಕಾಗಿ ಒತ್ತಡಮಾಪಕವನ್ನು ನಿಗದಿತ ಅವಧಿಗೊಮ್ಮೆ ಪ್ರಮಾಣಿತ ಉಪಕರಣದ ಜೊತೆ ಹೋಲಿಸಿ ನೋಡಬೇಕು. ಬೆಳ್ಳಿ ಪದಕಕ್ಕೆ 1000 ಮೀಟರ್ ಎತ್ತರ ಗಳಿಸಬೇಕು. ಉಪಕರಣದ ಸೊನ್ನೆ 50 ಮೀಟರ್ ಸರಿದಿದ್ದರೂ ತೊಂದರೆಯಿಲ್ಲ, ಮೇಲಿನದರಿಂದ ಕೆಳಗಿನದನ್ನು ಕಳೆದಾಗ ಅದು ಹೊಡೆದುಹೋಗುತ್ತದೆ. ಆದರೆ ಅಳತೆಗೋಲೇ ಶೇ 3ರಷ್ಟು ಉದ್ದವಾಗಿದ್ದರೆ 971 ಮೀಟರ್ ಏರಿದವನಿಗೂ 1000 ಎಂದು ತೋರಿಸುತ್ತದೆ. ದೋಷಗಳಲ್ಲೂ ಜಾತಿ ಬೇರೆ ಬೇರೆ. ಯಾವುದು ಕಳೆದರೆ ಹೋಗುತ್ತದೆ, ಯಾವುದು ಹೋಗುವುದಿಲ್ಲ ಎಂಬುದನ್ನು ತಿಳಿಯದೆ ‘ಎರರ್’ ಎಂದು ಒಂದೇ ಪದ ಬರೆದರೆ ಏನೂ ಹೇಳಿದಂತಾಗುವುದಿಲ್ಲ.

ಅಂಕಿ ಸರಿ, ಮೂಲಮಾನ ತಪ್ಪು

ಇದೆಲ್ಲ ಬುದ್ಧಿಯ ಕಸರತ್ತು ಎಂದುಕೊಳ್ಳುವವರಿಗೆ 1983ರ ಜುಲೈ 23ರ ಘಟನೆ ಹೇಳಬೇಕು. ಏರ್ ಕೆನಡಾದ ಬೋಯಿಂಗ್ 767 ವಿಮಾನ ಮಾಂಟ್ರಿಯಲ್‌ನಿಂದ ಒಟ್ಟಾವಾ ಮೂಲಕ ಎಡ್ಮಂಟನ್‌ಗೆ ಹೊರಟಿತ್ತು. ಇಂಧನ ತೋರಿಸುವ ಮಾಪಕಗಳು ಕೆಟ್ಟಿದ್ದರಿಂದ ಟ್ಯಾಂಕಿನಲ್ಲಿ ಎಷ್ಟಿದೆ ಎಂದು ಅಳತೆ ಕಡ್ಡಿಯಿಂದ ನೋಡಿ, ಲೀಟರನ್ನು ತೂಕಕ್ಕೆ ಪರಿವರ್ತಿಸಿ ಲೆಕ್ಕ ಹಾಕಿದರು. ಬೇಕಾಗಿದ್ದದ್ದು 22,300 ಕಿಲೊಗ್ರಾಂ. ಲೆಕ್ಕದಲ್ಲಿ 22,300 ಬಂತು ಕೂಡ. ಆದರೆ ಗುಣಿಸಿದ್ದು ಲೀಟರಿಗೆ ಇಷ್ಟು ಪೌಂಡ್ ಎಂಬ 1.77ರಿಂದ. ಹೊಸ ವಿಮಾನ ಕಿಲೊಗ್ರಾಂ ಲೆಕ್ಕದ್ದು, ಗುಣಿಸಬೇಕಿದ್ದದ್ದು 0.8ರಿಂದ. ಬೇಕಾದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಇಂಧನದೊಂದಿಗೆ ವಿಮಾನ ಮೇಲೇರಿತು. 41 ಸಾವಿರ ಅಡಿ ಎತ್ತರದಲ್ಲಿ ಇಂಧನ ತೀರಿತು, ಎರಡೂ ಎಂಜಿನ್ ನಿಂತವು, ಕಾಕ್‌ಪಿಟ್‌ನ ಪರದೆಗಳು ಆರಿದವು. ಒಳಗೆ 69 ಜೀವಗಳು.

ಅದೃಷ್ಟಕ್ಕೆ ಕ್ಯಾಪ್ಟನ್ ರಾಬರ್ಟ್ ಪಿಯರ್ಸನ್ ಅನುಭವಿ ಗ್ಲೈಡರ್ ಪೈಲಟ್ ಆಗಿದ್ದರು. ಸಹ ಪೈಲಟ್ ಮಾರಿಸ್ ಕ್ವಿಂಟಾಲ್ ಉಳಿದಿದ್ದ ಯಾಂತ್ರಿಕ ಆಲ್ಟಿಮೀಟರ್ ಮತ್ತು ನೆಲದ ರೇಡಾರ್ ಹೇಳಿದ ದೂರವನ್ನು ಹಿಡಿದು ಲೆಕ್ಕ ಹಾಕಿದರು: 10 ನಾಟಿಕಲ್ ಮೈಲು ಸಾಗುವಷ್ಟರಲ್ಲಿ 5,000 ಅಡಿ ಇಳಿದಿದ್ದೇವೆ. ಅಂದರೆ ಒಂದಕ್ಕೆ ಹನ್ನೆರಡು. ಈ ಲೆಕ್ಕದಲ್ಲಿ ವಿನಿಪೆಗ್ ತಲುಪುವುದು ಸಾಧ್ಯವಿಲ್ಲ ಎಂದು ಗೊತ್ತಾಯಿತು. ಗಿಮ್ಲಿ ಎಂಬಲ್ಲಿದ್ದ ಹಳೆಯ ವಾಯುನೆಲೆಗೆ ತಿರುಗಿ, ಗ್ಲೈಡರ್ ಪೈಲಟ್‌ಗಳಂತೆ ವಿಮಾನವನ್ನು ಓರೆಯಾಗಿ ಜಾರಿಸಿ ಎತ್ತರ ಕಳೆದು ಇಳಿಸಿದರು. ಎಲ್ಲರೂ ಬದುಕಿದರು. ಒಂದು ಅಂಕಿಯ ಹಿಂದಿನ ಪ್ರಶ್ನೆ ಕೇಳದೇ ಇದ್ದದ್ದು ಅವರನ್ನು ಆ ಸ್ಥಿತಿಗೆ ತಂದಿತು. ಎರಡು ಅಂಕಿಗಳ ಅರ್ಥ ಗೊತ್ತಿದ್ದದ್ದು ಪಾರು ಮಾಡಿತು.

ನಮ್ಮ ಲ್ಯಾಬ್‌ಗಳಲ್ಲಿ ಏನಾಗುತ್ತಿದೆ?

ಈಗ ನಮ್ಮ ಕಡೆ ನೋಡೋಣ. ಎಷ್ಟೋ ಕಾಲೇಜುಗಳ ಲ್ಯಾಬ್‌ಗಳಲ್ಲಿ ರೀಡಿಂಗ್ ಅಂದರೆ ಸೀನಿಯರ್ ರೆಕಾರ್ಡ್ ಬುಕ್ಕಿನಿಂದ ಇಳಿಯುವ ವಸ್ತು. ಲೋಲಕದ ಪ್ರಯೋಗದಲ್ಲಿ ಉತ್ತರ 9.8 ಬರಬೇಕು ಎಂದು ಮೊದಲೇ ಗೊತ್ತು, ಹಾಗಾಗಿ ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಸಮಯ ಬರೆಯುತ್ತಾರೆ. 9.4 ಬಂದವನಿಗೆ ಬೈಗುಳ, 9.81 ಬರೆದವನಿಗೆ ಪೂರ್ಣ ಅಂಕ. 9.4 ಏಕೆ ಬಂತು, ದಾರದ ಉದ್ದ ಎಲ್ಲಿಂದ ಅಳೆದೆ, ಸ್ಟಾಪ್‌ವಾಚ್ ಒತ್ತುವಾಗ ಎಷ್ಟು ತಡವಾಯಿತು ಎಂದು ಕೇಳಲು ಸಮಯವೇ ಇಲ್ಲ. ಶಿಕ್ಷಕರನ್ನು ಮಾತ್ರ ದೂರಲಾರೆ. ಒಂದು ಬ್ಯಾಚಿಗೆ ಹತ್ತಾರು ವಿದ್ಯಾರ್ಥಿಗಳು, ಎರಡು ಸರಿಯಿರುವ ಉಪಕರಣ, ಮುಗಿಸಲೇಬೇಕಾದ ಸಿಲಬಸ್ ಇರುವಾಗ ಅವರಾದರೂ ಏನು ಮಾಡಿಯಾರು? ಆದರೆ ಇದರ ಫಲ ದೊಡ್ಡದು. ಉಪಕರಣ ಹೇಳಿದ್ದನ್ನು ಬದಿಗಿಟ್ಟು ಮೇಲಿನವರು ಬಯಸಿದ್ದನ್ನು ಬರೆಯುವುದು ಜಾಣತನ ಎಂದು ಹದಿನೆಂಟನೇ ವಯಸ್ಸಿನಲ್ಲೇ ಕಲಿಯುತ್ತೇವೆ. ಅದೇ ಅಭ್ಯಾಸ ನಾಳೆ ಸೇತುವೆಯ ಪರೀಕ್ಷಾ ವರದಿಗೂ, ಆಸ್ಪತ್ರೆಯ ಚಾರ್ಟಿಗೂ, ಕಾರ್ಖಾನೆಯ ಗುಣಮಟ್ಟದ ರಿಜಿಸ್ಟರಿಗೂ ಹೋಗುತ್ತದೆ.

‘ಗ್ಲೈಡರ್ ಲಾಗ್ ಓದಿದರೆ ಕೆಲಸ ಸಿಗುತ್ತಾ?’ ಎಂದು ಗೆಳೆಯರು ಕೇಳುತ್ತಾರೆ. ಗ್ಲೈಡರ್ ಕೆಲಸ ಸಿಗುವುದಿಲ್ಲ. ಆದರೆ ಈಗ ಇರುವ ಕೆಲಸಗಳಲ್ಲಿ ಸೆನ್ಸರ್ ಇಲ್ಲದ ಜಾಗ ಯಾವುದಿದೆ? ಎಲೆಕ್ಟ್ರಿಕ್ ಸ್ಕೂಟರಿನ ಬ್ಯಾಟರಿ, ಹೊಲಕ್ಕೆ ಔಷಧಿ ಸಿಂಪಡಿಸುವ ಡ್ರೋನ್, ಮಳೆ ಮಾಪನ ಕೇಂದ್ರ, ಐಸಿಯುವಿನ ಮಾನಿಟರ್ ಎಲ್ಲವೂ ಲಾಗ್ ಬರೆಯುತ್ತಿವೆ. ಎಲ್ಲಕ್ಕೂ ಸೊನ್ನೆ ಇದೆ, ತಡವಿದೆ, ಮಿತಿಯಿದೆ, ದಾಖಲಾಗದೇ ಉಳಿದದ್ದಿದೆ. ‘ಅದನ್ನೆಲ್ಲ ಸಾಫ್ಟ್‌ವೇರ್ ನೋಡಿಕೊಳ್ಳುತ್ತದೆ’ ಎನ್ನುವವರೂ ಇದ್ದಾರೆ. ಸಾಫ್ಟ್‌ವೇರ್ ಎರಡು ಎತ್ತರಗಳಲ್ಲಿ ಒಂದನ್ನು ಆರಿಸಿ ಚೆಂದದ ಗ್ರಾಫ್ ಬಿಡಿಸುತ್ತದೆ, ನಿಜ. ಯಾವುದನ್ನು ಆರಿಸಿತು ಎಂದು ಕೇಳುವ ಕೆಲಸ ಮಾತ್ರ ನಮ್ಮದೇ. ಕೋಡ್ ಬರೆಯುವ ಯಂತ್ರಗಳೇ ಬಂದಿರುವ ಈ ಕಾಲದಲ್ಲಿ ನಮಗೆ ಬೆಲೆ ಉಳಿಯುವುದು ಇಂಥ ಪ್ರಶ್ನೆಗಳಿಂದ ಎಂದು ನನ್ನ ನಂಬಿಕೆ.

ಕಾಲೇಜುಗಳು ಮಾಡಬಹುದಾದದ್ದು ದೊಡ್ಡದೇನಲ್ಲ. ಪ್ರತಿ ಸೆಮಿಸ್ಟರಿನಲ್ಲಿ ಒಂದೇ ಒಂದು ಲ್ಯಾಬ್ ಅವಧಿಯನ್ನು ‘ಲಾಗ್ ಓದು’ ಎಂದು ಮೀಸಲಿಡಲಿ. ಹೊಸ ಉಪಕರಣ ಬೇಡ, ಹಣ ಬೇಡ. ಗ್ಲೈಡರ್ ಲಾಗ್ ಆಗಲಿ, ಮೊಬೈಲಿನ ಒತ್ತಡಮಾಪಕದ ಒಂದು ದಿನದ ದಾಖಲೆ ಆಗಲಿ, ಸಾಕು. ಉತ್ತರಕ್ಕೆ ಅಂಕ ಕೊಡುವುದು ಬೇಡ, ನಾಲ್ಕು ಪ್ರಶ್ನೆಗಳಿಗೆ ಕೊಡಲಿ. ಇದು ನಿಜವಾಗಿ ಅಳೆದದ್ದು ಏನನ್ನು? ಸೊನ್ನೆ ಎಲ್ಲಿದೆ, ಮೂಲಮಾನ ಯಾವುದು? ಎಷ್ಟು ತಡವಾಗಿ, ಎಷ್ಟು ಒರಟಾಗಿ ಹೇಳುತ್ತದೆ? ಏನನ್ನು ಹೇಳುತ್ತಿಲ್ಲ? ಇವಕ್ಕೆ ನೆಟ್ಟಗೆ ಉತ್ತರಿಸಿದ ವಿದ್ಯಾರ್ಥಿಗೆ 9.4 ಬಂದಿದ್ದರೂ ಪೂರ್ಣ ಅಂಕ ಸಿಗಲಿ.

ಕಾಲೇಜು ಮಾಡುವವರೆಗೆ ಕಾಯಬೇಕಿಲ್ಲ. ಈ ಭಾನುವಾರ ಒಂದು ಲಾಗ್ ಇಳಿಸಿಕೊಂಡು ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಗ್ರಾಫ್ ಬಿಡಿಸುವ ಮೊದಲು ಹತ್ತು ಸಾಲುಗಳನ್ನು ಕೈಯಲ್ಲೇ ಬಿಡಿಸಿ. ಎರಡು ಎತ್ತರಗಳ ವ್ಯತ್ಯಾಸ ತೆಗೆಯಿರಿ, ಅದು ಹಾರಾಟದುದ್ದಕ್ಕೂ ಒಂದೇ ಇದೆಯೇ, ಏರಿದಂತೆ ಹಿಗ್ಗುತ್ತದೆಯೇ ನೋಡಿ. ಹಿಗ್ಗಿದರೆ ಅಂದಿನ ಗಾಳಿ ಮಾದರಿಗಿಂತ ಬೆಚ್ಚಗಿತ್ತು ಎಂದು ಅರ್ಥ. ನೀವು ಕಾಣದ ದೇಶದ, ಕಾಣದ ದಿನದ ಹವೆಯನ್ನು ಎರಡು ಅಂಕಣಗಳಿಂದ ಹೇಳಬಲ್ಲಿರಿ. ಅಷ್ಟು ಬಂದ ಮೇಲೆ, ನಾಳೆ ಕೆಲಸದ ಜಾಗದಲ್ಲಿ ಯಾರಾದರೂ ಒಂದು ಅಂಕಿಯನ್ನು ಮುಂದಿಟ್ಟು ‘ಸಹಿ ಹಾಕಿ’ ಎಂದಾಗ, ಒಂದು ನಿಮಿಷ ನಿಲ್ಲಿಸಿ ‘ಇದನ್ನು ಹೇಗೆ ಅಳೆದಿರಿ?’ ಎಂದು ಕೇಳುವ ಧೈರ್ಯ ತಾನಾಗಿ ಬರುತ್ತದೆ.